ಹಾಡ್ತಿದೆ ಅಂದ ಮಾತ್ರಕ್ಕೆ ಸಂಸಾರ ಸಾಗ್ತಿದೆ ಅಂತಲ್ಲ

ಇವತ್ತು ಬೆಳಗ್ಗೆ ಮೈಸೂರಿನ ರಿಂಗ್ ರೋಡ್ ಆಚೆ ಹೊಸ ಬಡಾವಣೆಯ ಬೋರ್ಡೊಂದು ಕಂಡಿತು. ‘ಹಕ್ಕಿಗಳ ಇಂಚರಕ್ಕೆ ಕಣ್ಣು ಬಿಡಿ’ ಅಂತ. ಬೋರ್ಡಿನಲ್ಲಿದ್ದದ್ದು ಯೂರೋಪಿನ ಕೆಂಪೆದೆಯ ರಾಬಿನ್. ನಮ್ಮ ಕಡೆಯ ಹಕ್ಕಿಯೇ ಅಲ್ಲ ಅದು, ಇರಲಿ. ಬೋರ್ಡಿನ ಹಿಂದೆ ಜೆಸಿಬಿ ನಿಂತು ಕಾರೆ, ಕವಳಿ, ಲಕ್ಕಿ, ಬಂದರಿಕೆ ಎಲ್ಲವನ್ನೂ ಬುಡಸಮೇತ ಕಿತ್ತು ಗುಡ್ಡೆ ಹಾಕುತ್ತಿತ್ತು. ಭರಣಿ ಮುಗಿದು ಕೃತ್ತಿಕೆ ಮಳೆ ಶುರುವಾಗಿದೆ. ಪೊದೆಯ ಹಕ್ಕಿಗಳು ಮೊಟ್ಟೆಯ ಮೇಲೆ ಕೂತಿರುವ ಹೊತ್ತು. ಸೈಟು ತೋರಿಸುವ ಹುಡುಗ ಹೇಳಿದ್ದು: ‘ಹಕ್ಕಿ ಎಲ್ಲೂ ಹೋಗಲ್ಲ ಸಾರ್, ಪಾರ್ಕಿಗೆ ಅಂತ ಜಾಗ ಬಿಟ್ಟಿದೀವಲ್ಲ. ಕೇಳಿ, ಎಷ್ಟು ಜೋರಾಗಿ ಹಾಡ್ತಿದೆ!’

ಹಾಡುತ್ತಿದ್ದದ್ದು ನಿಜ. ಕರೆಂಟು ಕಂಬದ ತುದಿಯಲ್ಲಿ ಒಂದು ಗಂಡು ಮಡಿವಾಳ ಹಕ್ಕಿ, ಬಾಲ ಎತ್ತಿಕೊಂಡು, ಬಿಡುವೇ ಇಲ್ಲದೆ.

ಹುಡುಗನ ಮೇಲೆ ಸಿಟ್ಟಿಲ್ಲ, ಅವನು ಸಂಬಳಕ್ಕೆ ಮಾತಾಡುತ್ತಾನೆ. ಇದೇ ಮಾತನ್ನು ಬೈನಾಕ್ಯುಲರ್ ನೇತುಹಾಕಿಕೊಂಡವರೂ ಆಡುತ್ತಾರಲ್ಲ, ಅದು ತಡೆಯುವುದಿಲ್ಲ ನನಗೆ. ‘ಬಡಾವಣೆ ಆದಮೇಲೂ ಇಷ್ಟು ಜಾತಿ ಸಿಕ್ಕಿತು ಕಣ್ರೀ’ ಎಂದು ಪಟ್ಟಿ ಹಾಕುವವರು. ಈ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ.

ಹಾಡು ಅಂದರೇನು ಮೊದಲು ನೋಡಿ. ಗಂಡು ಹಕ್ಕಿ ಬೆಳಗ್ಗೆ ಕೂತು ಓದುವುದು ತನ್ನ ಜಾಗದ ಚಕ್ಕುಬಂದಿ. ಪೂರ್ವಕ್ಕೆ ಹೊಂಗೆಮರ, ಪಶ್ಚಿಮಕ್ಕೆ ಚರಂಡಿ, ಇದರೊಳಗೆ ಇನ್ನೊಬ್ಬ ಗಂಡು ಕಾಲಿಡಬಾರದು. ಅದರ ಜೊತೆಗೆ ಒಂದು ಜಾಹೀರಾತು: ಜಾಗ ಇದೆ, ಹೆಣ್ಣು ಬೇಕು. ಜೋಡಿ ಸಿಕ್ಕಿದ ಮೇಲೆ ಅನೇಕ ಜಾತಿಗಳಲ್ಲಿ ಗಂಡಿನ ಹಾಡು ಎದ್ದು ಕಾಣುವಷ್ಟು ಇಳಿಯುತ್ತದೆ. ಮೊಟ್ಟೆ ಒಡೆದು ಮರಿ ಬಂದ ಮೇಲಂತೂ ಬಾಯಲ್ಲಿ ಹುಳ ಇರುತ್ತದೆ, ಹಾಡಲು ಪುರಸೊತ್ತೆಲ್ಲಿ? ಹೊತ್ತೇರಿದ ಮೇಲೂ ಒಂದೇ ಸಮನೆ ಹಾಡುವ ಗಂಡನ್ನು ಕಂಡರೆ ಮೊದಲು ಬರಬೇಕಾದ ಅನುಮಾನ ಇವನಿಗಿನ್ನೂ ಹೆಣ್ಣು ಸಿಕ್ಕಿಲ್ಲವೇನೋ ಅಂತ. ಉತ್ತರ ಅಮೆರಿಕದಲ್ಲಿ ಓವನ್‌ಬರ್ಡ್ ಎಂಬ ನೆಲಗೂಡಿನ ಪುಟ್ಟ ಹಕ್ಕಿಯ ಮೇಲೆ ಇದನ್ನು ಕೂತು ಲೆಕ್ಕ ಹಾಕಿದ್ದಾರೆ. ದೊಡ್ಡ ಕಾಡಿನಲ್ಲಿ ಬಹುತೇಕ ಗಂಡುಗಳಿಗೆ ಜೋಡಿ ಇರುತ್ತದೆ. ಹೊಲಗಳ ನಡುವೆ ಉಳಿದ ಕಾಡಿನ ತುಂಡುಗಳಲ್ಲಿ ಒಂಟಿ ಗಂಡುಗಳ ಪಾಲು ಜಾಸ್ತಿ. ಹಾಡು ಎರಡೂ ಕಡೆ ಕೇಳಿಸುತ್ತದೆ. ಕಿವಿಯಿಂದ ಎಣಿಸಿದವನಿಗೆ ಎರಡೂ ಒಂದೇ.

ಇನ್ನು ಆ ‘ಪಾರ್ಕಿಗೆ ಬಿಟ್ಟ ಜಾಗ’ದ ಮಾತು. ನಮ್ಮ ಮನೆಗಳಿಗೆ ಜಗಲಿ ಬೇರೆ, ನಡುಮನೆ ಬೇರೆ. ಕುರುಚಲು ಕಾಡಿಗೂ ಹಾಗೆಯೇ. ಅಂಚು ಜಗಲಿ. ಅಲ್ಲಿ ಬಿಸಿಲು, ಗಾಳಿ, ಕಾಗೆ, ಬೆಕ್ಕು, ನಾಯಿ ಯಾರು ಬೇಕಾದರೂ ಬಂದು ಹೋಗುತ್ತಾರೆ. ಗೂಡು ಕಟ್ಟಲು ಬೇಕಾದದ್ದು ನಡುಮನೆ. ಕಾಡುಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರೆ ಗೂಡಿನ ಮೇಲೆ ಅಂಚಿನ ಕಾಟ ಎದ್ದು ಕಾಣುವುದು ಹೆಚ್ಚಾಗಿ ಮೊದಲ 50 ಮೀಟರಿನೊಳಗೆ. ಆ ಲೆಕ್ಕವನ್ನು ಇಲ್ಲಿಗೆ ತನ್ನಿ.

200 ಮೀಟರ್ ಉದ್ದ, 200 ಮೀಟರ್ ಅಗಲದ ಒಂದು ಕುರುಚಲು. ಹತ್ತಿರ ಹತ್ತಿರ 10 ಎಕರೆ. ನಾಲ್ಕೂ ಕಡೆ 50 ಮೀಟರ್ ಜಗಲಿಗೆ ಬಿಟ್ಟರೆ ನಡುವೆ 100ಕ್ಕೆ 100 ಮೀಟರ್ ನಡುಮನೆ ಉಳಿಯುತ್ತದೆ, ಅಂದರೆ ಎರಡೂವರೆ ಎಕರೆ. ಈಗ ಆ 10 ಎಕರೆಯ ನಟ್ಟನಡುವೆ 10 ಮೀಟರ್ ಅಗಲದ ಒಂದು ರಸ್ತೆ ಹಾಕಿ. ರಸ್ತೆ ತಿಂದ ಜಾಗ ಸುಮಾರು 20 ಗುಂಟೆ, ನೂರಕ್ಕೆ ಐದು ಪಾಲು. ನಕ್ಷೆಯಲ್ಲಿ ‘ಶೇ 95 ಹಸಿರು ಉಳಿಸಿದ್ದೇವೆ’ ಎಂದು ಬರೆಯಬಹುದು, ಸುಳ್ಳೂ ಅಲ್ಲ. ಆದರೆ ಉಳಿದ ಎರಡು ತುಂಡುಗಳ ಅಗಲ ತಲಾ 95 ಮೀಟರ್. ಎರಡು ಕಡೆ 50-50 ಜಗಲಿ ಹೋದರೆ ಉಳಿದ ನಡುಮನೆ ಸೊನ್ನೆ. ಹತ್ತು ಎಕರೆಯೂ ಜಗಲಿಯೇ.

‘ಅದು ದೊಡ್ಡ ಕಾಡಿನ ಲೆಕ್ಕ, ನಮ್ಮ ಕುರುಚಲಿಗೆ ಯಾಕೆ?’ ಅನ್ನಿ, ಒಪ್ಪಿದೆ. ಅರ್ಧ ಮಾಡೋಣ, ಜಗಲಿ ಬರೀ 25 ಮೀಟರ್ ಎಂದೇ ಹಿಡಿಯಿರಿ. ರಸ್ತೆಗೆ ಮೊದಲು ನಡುಮನೆ 150ಕ್ಕೆ 150, ರಸ್ತೆಯ ನಂತರ 45ಕ್ಕೆ 150ರ ಎರಡು ಪಟ್ಟಿ. ನೂರಕ್ಕೆ 40 ಪಾಲು ನಡುಮನೆ ಹೋಯಿತು. ರಸ್ತೆ ತಿಂದದ್ದು ಮಾತ್ರ ಐದೇ ಪಾಲು. ಜಾಗವನ್ನು ಗುಂಟೆಯಲ್ಲಿ ಅಳೆಯುವವರಿಗೆ ಇದು ಕಾಣುವುದೇ ಇಲ್ಲ. ಇನ್ನು ಬಡಾವಣೆಯವರು ಚರಂಡಿಯ ಪಕ್ಕ ಬಿಡುವ 20 ಮೀಟರ್ ಅಗಲದ ಉದ್ದಪಟ್ಟಿಗೆ ನಡುಮನೆ ಹುಡುಕುವ ಕಷ್ಟವೇ ಇಲ್ಲ.

ಜಗಲಿಯಲ್ಲಿ ಆಗುವುದೇನು? ಕಾಗೆಗೆ ಎತ್ತರದ ಕಟ್ಟೆ ಬೇಕು. ಕಂಬ, ತಂತಿ, ಕಾಂಪೌಂಡ್ ಗೋಡೆ, ನೀರಿನ ಟ್ಯಾಂಕು ಎಲ್ಲ ನಾವೇ ಒದಗಿಸಿದ್ದೇವೆ. ಗೂಡು ಹುಡುಕಿಕೊಂಡು ಕಾಗೆ ಪೊದೆ ಪೊದೆ ಅಲೆಯಬೇಕಾಗಿಲ್ಲ. ಕೂತಲ್ಲೇ ಕೂತು ತಾಯಿಹಕ್ಕಿ ಯಾವ ಪೊದೆಗೆ ಪದೇ ಪದೇ ಹೋಗುತ್ತದೆಂದು ನೋಡುತ್ತದೆ. ಕಸದ ರಾಶಿ ಅದನ್ನು ವರ್ಷವಿಡೀ ಸಾಕುತ್ತದೆ, ಮೊಟ್ಟೆ ಮೇಲೋಗರ ಅಷ್ಟೆ. ಜೊತೆಗೆ ಮಟಪಕ್ಷಿ, ಕೆಂಬೂತ, ಅಳಿಲು, ಓತಿಕ್ಯಾತ, ಕೇರೆಹಾವು. ಬೆಟ್ಟದ ಬದಿಯಾದರೆ ಕೋತಿ. ವಾಕಿಂಗ್ ಪಾತ್ ಕೊರೆದಲ್ಲೆಲ್ಲ ನಾಯಿ, ಮುಂಗುಸಿ ಸಲೀಸಾಗಿ ಒಳಗೆ ಬರುತ್ತವೆ. ಹಾಲು ಹಾಕಿಸಿಕೊಂಡು ಮನೆಯಲ್ಲಿ ಬೆಳೆದ ಬೆಕ್ಕು, ಪಾಪ, ‘ಏನೂ ಮಾಡಲ್ಲ’.

1985ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಪರಿಸರ ವಿಜ್ಞಾನಿ ಡೇವಿಡ್ ವಿಲ್ಕೋವ್ ಅಮೆರಿಕದಲ್ಲಿ ಬೇರೆ ಬೇರೆ ಅಳತೆಯ ಕಾಡುಗಳಲ್ಲಿ ಹುಲ್ಲಿನ ಕೃತಕ ಗೂಡಿಟ್ಟು, ಅದರಲ್ಲಿ ಬುರ್ಲಿಯ (ಕ್ವೇಲ್) ಮೊಟ್ಟೆಯಿಟ್ಟು ಕಾದರು. ದೊಡ್ಡ ಕಾಡಿನಲ್ಲಿ ಮೊಟ್ಟೆಗಳು ಬಹುಪಾಲು ಉಳಿದವು. ಬಡಾವಣೆಗಳ ನಡುವೆ ಉಳಿದ ಸಣ್ಣ ತೋಪುಗಳಲ್ಲಿ ಬಹುಪಾಲು ಹೋದವು. 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಕಾಟ್ ರಾಬಿನ್ಸನ್ ಮತ್ತು ಜೊತೆಗಾರರು ಅಲ್ಲಿಯ ಮಧ್ಯಪಶ್ಚಿಮದ ಒಂಬತ್ತು ಪ್ರದೇಶಗಳಲ್ಲಿ ನಿಜವಾದ ಗೂಡುಗಳನ್ನೇ ನೋಡಿದರು. ಕಾಡು ಕಡಿಮೆಯಾದಷ್ಟೂ ಗೂಡಿನ ಲೂಟಿ ಹೆಚ್ಚು, ಇನ್ನೊಬ್ಬರ ಗೂಡಿನಲ್ಲಿ ಮೊಟ್ಟೆಯಿಡುವ ಕೌಬರ್ಡ್ ಕಾಟವೂ ಹೆಚ್ಚು. (ಇದನ್ನು ಓದಿ, ಹರಟೆಮಲ್ಲನ ಗೂಡಿನಲ್ಲಿ ಮೊಟ್ಟೆಯಿಡುವ ನಮ್ಮ ಚಾತಕವನ್ನು ಬೈಯಲು ಹೊರಡಬೇಡಿ. ಕೌಬರ್ಡ್ ದನ, ಹೊಲಗಳ ಹಿಂದೆ ಬಂದು ಹೊಸ ಹೊಸ ಜಾತಿಗಳ ಗೂಡಿಗೆ ಕೈಹಾಕಿದ ಗಿರಾಕಿ. ಚಾತಕಕ್ಕೂ ಹರಟೆಮಲ್ಲಕ್ಕೂ ಹಳೆಯ ವ್ಯವಹಾರ.)

‘ಒಂದು ಗೂಡು ಹೋದರೆ ಇನ್ನೊಂದು ಕಟ್ಟುತ್ತೆ ಬಿಡಿ’ ಅನ್ನುವವರು ಮುಂದಿನ ಲೆಕ್ಕ ಸ್ವಲ್ಪ ನಿಧಾನವಾಗಿ ಓದಿ.

ಪಿಕಳಾರದ (ಬುಲ್‌ಬುಲ್) ಗೂಡು ಮೊದಲ ಮೊಟ್ಟೆಯಿಂದ ಮರಿ ಹಾರುವವರೆಗೆ ಸುಮಾರು 25 ದಿನ ಉಳಿಯಬೇಕು. ದಿನಕ್ಕೊಂದರಂತೆ ಎರಡು ಮೂರು ಮೊಟ್ಟೆ, ಹನ್ನೆರಡು ಹದಿಮೂರು ದಿನ ಕಾವು, ಆಮೇಲೆ ಹೆಚ್ಚುಕಮ್ಮಿ ಅಷ್ಟೇ ದಿನ ಮರಿ. ಒಂದು ಜಾಗದಲ್ಲಿ ದಿನಕ್ಕೆ 100 ಗೂಡಿನಲ್ಲಿ 4 ಹಾಳಾಗುತ್ತವೆ, ಇನ್ನೊಂದು ಜಾಗದಲ್ಲಿ 7 ಎಂದಿಟ್ಟುಕೊಳ್ಳಿ. ಕೇಳಲು ದೊಡ್ಡ ವ್ಯತ್ಯಾಸವಲ್ಲ. 0.96ನ್ನು 25 ಸಲ ಗುಣಿಸಿ, 36 ಗೂಡು ದಡ ಸೇರುತ್ತವೆ. 0.93ನ್ನು 25 ಸಲ ಗುಣಿಸಿ, 16. ದಿನಕ್ಕೆ ಮೂರು ಗೂಡಿನ ವ್ಯತ್ಯಾಸ ಕೊನೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ. ಅಮೆರಿಕದ ಹಕ್ಕಿ ಅಧ್ಯಯನಕಾರ ಹೆರಾಲ್ಡ್ ಮೇಫೀಲ್ಡ್ 1961ರಲ್ಲೇ ಈ ದಿನಲೆಕ್ಕದ ದಾರಿ ತೋರಿಸಿದ್ದು. ‘ಹತ್ತು ಗೂಡು ನೋಡಿದೆ, ಆರು ಹಾರಿದವು, ಶೇ 60’ ಎಂಬ ಲೆಕ್ಕ ಯಾಕೆ ತಪ್ಪು ಅಂದರೆ, ಮೂರನೇ ದಿನವೇ ಹಾಳಾದ ಗೂಡು ನಿಮ್ಮ ಕಣ್ಣಿಗೆ ಬಿದ್ದೇ ಇಲ್ಲ. ಉಳಿದುಕೊಂಡದ್ದೇ ಸಿಕ್ಕಿದ್ದು.

ಇದನ್ನೇ ಮುಂದಕ್ಕೆ ಎಳೆಯೋಣ. ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು. 10 ಜೋಡಿ, ಅಂದರೆ 20 ಹಕ್ಕಿ. ವರ್ಷಕ್ಕೆ ಹತ್ತರಲ್ಲಿ ನಾಲ್ಕು ಸಾಯುತ್ತವೆ ಅಂದರೆ 8 ಹೋದವು. ಹಾರಿದ ಹತ್ತು ಮರಿಗಳಲ್ಲಿ ಮೂರು ಮುಂದಿನ ವರ್ಷಕ್ಕೆ ಉಳಿಯುತ್ತವೆ ಅಂದರೆ ಆ 8ನ್ನು ತುಂಬಲು 27 ಮರಿ ಹಾರಬೇಕು. ಪ್ರತಿ ಜೋಡಿ ಋತುವಿಗೆ ಮೂರು ಸಲ ಕಟ್ಟಿತು, ಗೆದ್ದ ಗೂಡಿಗೆ ಎರಡೂವರೆ ಮರಿ. ನೂರಕ್ಕೆ 36 ಗೂಡು ಗೆದ್ದ ಮೊದಲ ಜಾಗದಲ್ಲಿ ಸರಿಯಾಗಿ 27 ಹಾರಿದವು, ತಕ್ಕಡಿ ಸಮ. ನೂರಕ್ಕೆ 16 ಗೆದ್ದ ಎರಡನೆಯದರಲ್ಲಿ 12, ಅವುಗಳಲ್ಲಿ ಮುಂದಿನ ವರ್ಷಕ್ಕೆ ಉಳಿಯುವುದು ಸುಮಾರು ನಾಲ್ಕು. ಪ್ರತಿ ವರ್ಷ ನಾಲ್ಕು ಹಕ್ಕಿ ಖೋತಾ.

ಹಾಗಾದರೆ ಕೆಲವು ವರ್ಷದಲ್ಲಿ ಆ ಪಾರ್ಕು ಮೌನವಾಗಬೇಕಲ್ಲ? ಆಗುವುದಿಲ್ಲ. ಚಾಮುಂಡಿ ಬೆಟ್ಟದಂಥ ಕಡೆ ಹುಟ್ಟಿದ, ಅಲ್ಲಿ ಜಾಗ ಸಿಗದ ಎಳೆಯ ಹಕ್ಕಿಗಳು ಬಂದು ಆ ನಾಲ್ಕು ಖಾಲಿ ಜಾಗ ತುಂಬುತ್ತವೆ. ಬಂದವು ಹಾಡುತ್ತವೆ, ಕಟ್ಟುತ್ತವೆ, ಕಳೆದುಕೊಳ್ಳುತ್ತವೆ, ಸಾಯುತ್ತವೆ, ಮತ್ತೆ ನಾಲ್ಕು ಬರುತ್ತವೆ. ಬೆಟ್ಟ ತವರು, ಪಾರ್ಕು ಬರೀ ಹೀರುವ ಗುಂಡಿ. ಪರಿಸರ ವಿಜ್ಞಾನಿ ರೊನಾಲ್ಡ್ ಪುಲಿಯಮ್ 1988ರಲ್ಲಿ ಬರೆದದ್ದು ಇಂಥದ್ದೇ ಲೆಕ್ಕ: ಒಂದು ಜಾಗದಲ್ಲಿ ಹಕ್ಕಿ ತುಂಬಿರಬಹುದು, ಆದರೂ ಆ ಜಾಗ ತನ್ನ ಕಾಲ ಮೇಲೆ ನಿಂತಿರುವುದಿಲ್ಲ. ಸೈಟು ಹುಡುಗನ ಮಡಿವಾಳ ಎಲ್ಲಿಂದ ಬಂದದ್ದು ಎಂದು ಯಾರೂ ಕೇಳುವುದಿಲ್ಲ. ಹಾಡುತ್ತಿದೆಯಲ್ಲ, ಸಾಕು.

ಕಾಡು ಕಡಿದ ಹೊಸದರಲ್ಲಿ ಉಳಿದ ತುಂಡಿನಲ್ಲಿ ಹಕ್ಕಿ ಹೆಚ್ಚಾಗುವುದೂ ಉಂಟು. ಬ್ರೆಜಿಲ್‌ನ ಮನೌಸ್ ಬಳಿ 1979ರಲ್ಲಿ ಥಾಮಸ್ ಲವ್‌ಜಾಯ್ ಆರಂಭಿಸಿದ ಪ್ರಯೋಗದಲ್ಲಿ 1, 10, 100 ಹೆಕ್ಟೇರ್ ಕಾಡಿನ ತುಂಡುಗಳನ್ನು ಸುತ್ತ ಕಡಿಯುವ ಮೊದಲು ಮತ್ತು ಕಡಿದ ಮೇಲೆ ಬಲೆ ಹಾಕಿ ಎಣಿಸಿದರು. ಕಡಿದ ತಕ್ಷಣ ತುಂಡಿನೊಳಗೆ ಬಲೆಗೆ ಬೀಳುವ ಹಕ್ಕಿ ಏರಿತು, ಆಮೇಲೆ ಕುಸಿಯಿತು. ಪಕ್ಕದ ಮನೆಗಳು ಬಿದ್ದಾಗ ನಿರಾಶ್ರಿತರು ಛತ್ರಕ್ಕೆ ಬಂದ ಹಾಗೆ. ಛತ್ರ ತುಂಬಿದೆ ಎಂದು ಊರು ಬೆಳೆದಿದೆ ಅನ್ನುತ್ತೀರಾ? ‘ಲೇಔಟ್ ಆದಮೇಲೆ ಹಕ್ಕಿ ಜಾಸ್ತಿಯಾಗಿದೆ’ ಎಂಬ ಮಾತಿಗೆ ನನ್ನ ಉತ್ತರ ಇಷ್ಟೇ. ಐದು ವರ್ಷ ಬಿಟ್ಟು ಬನ್ನಿ.

ಊಟದ ವಿಷಯ. ಪಿಕಳಾರ ಹಣ್ಣು ತಿನ್ನುತ್ತದೆ, ಗೀಜಗ ಕಾಳು ತಿನ್ನುತ್ತದೆ, ನಿಜ. ಮರಿಗೆ ಮಾತ್ರ ಹುಳ ಬೇಕು. ಕಂಬಳಿಹುಳ, ಮಿಡತೆ, ಜೇಡ. ಹುಳ ಇರುವುದು ನಮ್ಮ ಗಿಡಗಳ ಎಲೆಯಲ್ಲಿ, ಬಿದ್ದ ತರಗಿನಲ್ಲಿ. ಪಾರ್ಕಿನಲ್ಲಿರುವುದು ಲಾನು, ರಾಯಲ್ ಪಾಮು, ಕತ್ತರಿಸಿ ಡಬ್ಬಿಯಾಕಾರ ಮಾಡಿದ ಅಲಂಕಾರದ ಬೇಲಿ. ತರಗು ಗುಡಿಸಿ ಬೆಂಕಿ. ಸ್ವಚ್ಛ ನಗರ ನೋಡಿ ನಮ್ಮದು! ಆಸ್ಟ್ರೇಲಿಯಾದಲ್ಲಿ ಹಳದಿ ರಾಬಿನ್ ಮೇಲೆ ಲಿಯಾನಾ ಝಾನೆಟ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಣ್ಣ ಕಾಡುತುಂಡುಗಳಲ್ಲಿ ನೆಲದ ಹುಳ ಕಡಿಮೆ, ಮೊಟ್ಟೆ ಹಗುರ, ಮರಿಯೂ ಹಗುರ. ಹಾಗಾಗಿ ಕಾಗೆ ಬಾರದಿದ್ದರೂ ಮರಿ ಸೊರಗಬಹುದು. ಹಸಿದ ಮರಿ ಜೋರಾಗಿ ಕೂಗುತ್ತದೆ. ಕೂಗಿದ್ದಕ್ಕೆ ಕಾಗೆ ಬರುತ್ತದೆ.

ಈಗ ಓದಿಕೊಂಡವರ ವಾದ. ಕೆನಡಾದ ಪರಿಸರ ವಿಜ್ಞಾನಿ ಲೆನೋರ್ ಫಾರಿಗ್ 2003ರಲ್ಲೂ 2017ರಲ್ಲೂ ದೊಡ್ಡ ಸಮೀಕ್ಷೆ ಬರೆದು, ಒಟ್ಟು ಜಾಗ ಅಷ್ಟೇ ಇದ್ದರೆ ತುಂಡಾಗುವುದರಿಂದ ಆಗುವ ಪರಿಣಾಮ ಸಾಮಾನ್ಯವಾಗಿ ದುರ್ಬಲ, ಎಷ್ಟೋ ಸಲ ಒಳ್ಳೆಯದೇ ಎಂದರು. ಹತ್ತು ಸಣ್ಣ ತೋಪು ಸೇರಿಸಿದರೆ ಒಂದು ದೊಡ್ಡ ತೋಪಿಗಿಂತ ಹೆಚ್ಚು ಜಾತಿ ಸಿಗಬಹುದು. ವಾದ ಗಟ್ಟಿಯೇ, ಆಕೆಯ ಲೆಕ್ಕವನ್ನು ತಳ್ಳಿಹಾಕುವಷ್ಟು ದೊಡ್ಡವನಲ್ಲ ನಾನು. ಆದರೆ ‘ಒಟ್ಟು ಜಾಗ ಅಷ್ಟೇ ಇದ್ದರೆ’ ಅನ್ನುವ ಷರತ್ತನ್ನು ನುಂಗಿಕೊಂಡು ಆಕೆಯ ಹೆಸರು ಹೇಳುವವರಿದ್ದಾರಲ್ಲ, ಅವರಿಗೊಂದು ನಮಸ್ಕಾರ. ರಿಂಗ್ ರೋಡ್ ಆಚೆ ಯಾವ ಕುರುಚಲು ಅಳತೆ ಕಳೆದುಕೊಳ್ಳದೆ ಬರೀ ತುಂಡಾಗಿದೆ, ತೋರಿಸಿ. ಇನ್ನೊಂದು, ಜಾತಿಗಳ ಪಟ್ಟಿ ಬೇರೆ, ಹಾರಿದ ಮರಿಗಳ ಪಟ್ಟಿ ಬೇರೆ. ನಾನು ಕೇಳುತ್ತಿರುವುದು ಎರಡನೆಯದನ್ನು.

ಪಿಕಳಾರ, ಮಡಿವಾಳ, ಟುವ್ವಿಹಕ್ಕಿ ಹೇಗೋ ಏಗುತ್ತವೆ. ಕೈತೋಟದಲ್ಲೂ, ಗೋಡೆಯ ತೂತಿನಲ್ಲೂ ಸಂಸಾರ ಹೂಡುವ ಗಟ್ಟಿ ಕುಳಗಳು. ಸದ್ದಿಲ್ಲದೆ ಜಾಗ ಖಾಲಿ ಮಾಡುವವರು ಹಳದಿ ಕಣ್ಣಿನ ಹರಟೆಮಲ್ಲ, ಬಿಳಿ ಹುಬ್ಬಿನ ಪಿಕಳಾರದಂಥ ಪೊದೆವಾಸಿಗಳು, ನೆಲದ ಮೇಲೆ ಮೊಟ್ಟೆಯಿಡುವ ನೆಲಗುಬ್ಬಿಗಳು. ನೆಲಗುಬ್ಬಿಯ ಕಥೆ ಬೇರೆಯೇ ವ್ಯಂಗ್ಯ. ಅದಕ್ಕೆ ಬೇಕಾದದ್ದು ಬಟ್ಟಬಯಲು, ಗಿಡ್ಡ ಹುಲ್ಲು. ಹುಲ್ಲಿನ ಬುಡದಲ್ಲಿ ಅಂಗೈ ಅಗಲದ ತಗ್ಗು, ಅದರಲ್ಲಿ ಚುಕ್ಕೆ ಚುಕ್ಕೆಯ ಎರಡು ಮೂರು ಮೊಟ್ಟೆ. ನಮ್ಮ ಕಂದಾಯ ದಾಖಲೆಯಲ್ಲಿ ಆ ಜಾಗದ ಹೆಸರು ಖರಾಬು, ಇಲ್ಲವೇ ಗೋಮಾಳ. ಜೂನ್ 5 ಬಂತೆಂದರೆ ಎಲ್ಲರೂ ಸಸಿ ಹಿಡಿದು ಅಲ್ಲಿಗೇ ಓಡುತ್ತಾರೆ. ಬಯಲಿನ ನಡುವೆ ನಾಲ್ಕು ಸಾಲು ಮರ ಎದ್ದರೆ ಕಾಗೆಗೆ ನಾಲ್ಕು ಸಾಲು ಕಾವಲುಗೋಪುರ. ಮರ ನೆಟ್ಟೂ ನೆಲೆ ಒಡೆಯಬಹುದು ಎಂದರೆ ನನ್ನನ್ನೇ ಪರಿಸರದ್ರೋಹಿ ಅನ್ನುತ್ತಾರೆ. ಅನ್ನಲಿ.

ಮಂಡ್ಯ ಕಡೆಯವರು ‘ನಮ್ಮಲ್ಲಿ ಎಲ್ಲೆಲ್ಲೂ ಹಸಿರು’ ಎಂದು ಬೀಗಬೇಡಿ. ಗದ್ದೆ ಹಸಿರು, ಕಬ್ಬು ಹಸಿರು, ಪೊದೆವಾಸಿಗೆ ಅದು ಸಮುದ್ರ. ಮೇಲುಕೋಟೆಯ ಬಂಡೆಗುಡ್ಡಗಳು ಆ ಸಮುದ್ರದಲ್ಲಿ ದ್ವೀಪ. ಅಲ್ಲಿರುವ ಹಳದಿ ಕೊರಳಿನ ಪಿಕಳಾರ ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅಪಾಯಕ್ಕೆ ತುತ್ತಾಗಬಲ್ಲ ಹಕ್ಕಿಗಳ ಜಾಗತಿಕ ಪಟ್ಟಿಯಲ್ಲಿದೆ. ಗುಡ್ಡದಿಂದ ಗುಡ್ಡಕ್ಕೆ ಹೋಗಲು ಅದಕ್ಕೆ ನಡುವೆ ಕುರುಚಲು, ಬೇಲಿಸಾಲು, ಬದುವಿನ ಪೊದೆ ಬೇಕು. ಆ ಬೇಲಿಗಳು ಎಲ್ಲಿ? ಕತ್ತಾಳೆ, ಕಳ್ಳಿ, ಕಾರೆ ಬೇಲಿ ಕಿತ್ತು ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದಿದ್ದೇವೆ. ಬದುವಿಗೆ ಕಳೆನಾಶಕ. ಗೀಜಗಕ್ಕೆ ಭತ್ತದ, ಕಬ್ಬಿನ ಗರಿ ಸಿಗುತ್ತದೆ, ಸೀಳಿಕೊಂಡು ನೇಯುತ್ತದೆ. ನೇತುಹಾಕಲು ನೀರಿನ ಮೇಲೆ ಬಾಗಿದ ಈಚಲು, ಜಾಲಿ ಬೇಕು. ನಾಲೆಗೆ ಕಾಂಕ್ರೀಟ್ ಹಾಕುವಾಗ ಏರಿಯ ಮೇಲಿನ ಅದನ್ನೇ ಮೊದಲು ಬೀಳಿಸುವುದು. ದಾರ ಇದೆ, ಮಗ್ಗ ಇಲ್ಲ.

ಬರೀ ಬೈದು ಮುಗಿಸಿದರೆ ನನ್ನದೂ ಬೋರ್ಡೇ. ನಕ್ಷೆ ಹಾಕುವವರು ಯಾರಾದರೂ ಇದನ್ನು ಓದುತ್ತಿದ್ದರೆ: ರಸ್ತೆಯನ್ನು ಕುರುಚಲಿನ ನಡುವೆ ತರಬೇಡಿ, ಒಂದು ಬದಿಗೆ ತಳ್ಳಿ. ಮೇಲಿನ ಲೆಕ್ಕದಲ್ಲೇ ಅದೇ 10 ಮೀಟರನ್ನು ಅಂಚಿಗೆ ಹಾಕಿದರೆ ಉಳಿಯುವುದು 190ಕ್ಕೆ 200, ನಡುಮನೆ 90ಕ್ಕೆ 100. ಎರಡೂಕಾಲು ಎಕರೆ. ನಡುವೆ ಹಾಕಿದರೆ ಸೊನ್ನೆ. ಡಾಂಬರಿನ ಖರ್ಚು ಒಂದೇ. ಬಿಡುವ ಜಾಗವನ್ನು ಐದು ಕಡೆ ಚೂರು ಚೂರಾಗಿ ಹಂಚದೆ ಒಂದೇ ಕಡೆ, ಆದಷ್ಟು ಚೌಕವಾಗಿ ಬಿಡಿ. ಪೊದೆ ಸವರುವ, ಕೊಂಬೆ ಕಡಿಯುವ ಕೆಲಸ ಮಾರ್ಚ್‌ನಿಂದ ಸೆಪ್ಟೆಂಬರ್ ತನಕ ಬೇಡ, ನವೆಂಬರ್‌ನಿಂದ ಜನವರಿಯೊಳಗೆ ಮುಗಿಸಿ. ಲಂಟಾನ ತೆಗೆಯಲೇಬೇಕು, ಆದರೆ ಒಂದೇ ವರ್ಷ ಬೋಳು ಹೊಡೆಸಬೇಡಿ. ಈಗ ಪಿಕಳಾರ ಗೂಡು ಕಟ್ಟುತ್ತಿರುವುದು ಅದರಲ್ಲೇ. ಪಟ್ಟಿ ಪಟ್ಟಿಯಾಗಿ ಮೂರು ನಾಲ್ಕು ವರ್ಷದಲ್ಲಿ ತೆಗೆದು, ತೆಗೆದ ಕಡೆ ಕಾರೆ, ಕವಳಿ, ಲಕ್ಕಿ ಮೇಲೇಳಲು ಬಿಡಿ. ಕಸದ ತೊಟ್ಟಿ ಪೊದೆಯಿಂದ ದೂರ ಇರಲಿ, ಮುಚ್ಚಳ ಇರಲಿ. ಮುಚ್ಚಳಕ್ಕೆ ಟೆಂಡರ್ ಬೇಕಾಗಿಲ್ಲ.

ಹಕ್ಕಿ ನೋಡುವ ಗೆಳೆಯರಿಗೆ. 2014ರಿಂದ 16ರವರೆಗೆ ಮೈಸೂರು ನಗರದ ಹಕ್ಕಿ ಅಟ್ಲಾಸ್ ಆಯಿತು, ಒಳ್ಳೆಯ ಕೆಲಸ. ಯಾವ ಹಕ್ಕಿ ಎಲ್ಲಿದೆ ಎಂದು ಅದು ಹೇಳುತ್ತದೆ. ಮರಿ ಹಾರಿತೇ ಅನ್ನುವುದಕ್ಕೆ ಬೇರೆ ಕಣ್ಣು ಬೇಕು. ಹಾಡು ಕೇಳಿಸಿತು ಎಂದರೆ ‘ಇರಬಹುದು’ ಅಷ್ಟೆ. ನಾರು, ಹುಲ್ಲು ಕಚ್ಚಿಕೊಂಡು ಹೋಯಿತೇ, ಅದು ಒಂದು ಮೆಟ್ಟಿಲು ಮೇಲೆ. ಹುಳ ಕಚ್ಚಿಕೊಂಡು, ನುಂಗದೆ, ಒಂದೇ ಪೊದೆಗೆ ಮತ್ತೆ ಮತ್ತೆ ಹೋಯಿತೇ, ಮರಿ ಇದೆ. ಬಿಳಿ ಚೀಲದಂಥ ಹಿಕ್ಕೆಯನ್ನು ಕಚ್ಚಿ ತಂದು ದೂರ ಬಿಸಾಡಿತೇ, ಖಂಡಿತ ಇದೆ. ಬಾಲ ಇನ್ನೂ ಮೊಂಡಾಗಿರುವ, ಬಾಯಿಯಂಚು ಹಳದಿಯ ಮರಿ ಕೊಂಬೆಯ ಮೇಲೆ ಕೂತು ರೆಕ್ಕೆ ನಡುಗಿಸಿ ಬೇಡುತ್ತಿದ್ದರೆ, ಗೆದ್ದಿತು.

ಇದೆಲ್ಲ 15-20 ಮೀಟರ್ ದೂರದಿಂದ ಕಾಣುತ್ತದೆ. ಗೂಡಿನ ಬಳಿ ಹೋಗಿ ಎಲೆ ಸರಿಸಿ ಫೋಟೊ ತೆಗೆಯುವವರನ್ನು ಏನೆಂದು ಬೈಯಬೇಕೋ ಗೊತ್ತಿಲ್ಲ. ಸರಿಸಿದ ಎಲೆ ಗೂಡಿನ ಚಾವಣಿ. ಕಾಗೆ ನಿಮ್ಮನ್ನೂ ನೋಡುತ್ತಿರುತ್ತದೆ. ಹೋಗಲೇಬೇಕಾದರೆ ಮೂರು ನಾಲ್ಕು ದಿನಕ್ಕೊಮ್ಮೆ, ಅರ್ಧ ನಿಮಿಷ, ನಿಲ್ಲದೆ ನಡೆದುಕೊಂಡೇ. ಹೋದ ದಾರಿಯಲ್ಲೇ ವಾಪಸು ಬರಬೇಡಿ, ಮುಂಗುಸಿಗೆ ಮೂಗಿದೆ. ಹತ್ತಿರದಲ್ಲಿ ಕಾಗೆ ಕೂತಿದ್ದರೆ ಆ ದಿನ ಬಿಟ್ಟುಬಿಡಿ.

ಆ ಬಡಾವಣೆಯ ಅಕ್ಕಪಕ್ಕದವರು ಯಾರಾದರೂ ಇದ್ದರೆ, ಮೊಬೈಲಿನಲ್ಲಿ ಹಾಡು ರೆಕಾರ್ಡ್ ಮಾಡಿ ಕಳಿಸಬೇಡಿ, ನನ್ನ ಹತ್ತಿರ ಬೇಕಾದಷ್ಟಿದೆ. ಹುಳ ಕಚ್ಚಿಕೊಂಡ ಹಕ್ಕಿ ಕಂಡರೆ ತಾರೀಖು, ಹೊತ್ತು ಬರೆದು ಇನ್‌ಬಾಕ್ಸಿಗೆ ಹಾಕಿ. ಪೊದೆ ಯಾವುದು ಅಂತ ಮಾತ್ರ ಇಲ್ಲಿ ಕೆಳಗೆ ಬರೆಯಬೇಡಿ, ಕ್ಯಾಮೆರಾದವರು ಓದುತ್ತಾರೆ.